ಹಡಗಿನ ತರಗತಿ, ದಡದ ಹುಡುಗ

‘ದೇಶ ಸುತ್ತು, ಕೋಶ ಓದು’ ಎಂದು ಹೇಳದ ಮೇಷ್ಟರು ನಮ್ಮಲ್ಲಿಲ್ಲ. ಆದರೆ ಈ ಮಾತಿನ ಎರಡು ಭಾಗಗಳು ನಮ್ಮ ಶಿಕ್ಷಣ ಕ್ರಮದಲ್ಲಿ ಪರಸ್ಪರ ಭೇಟಿಯಾದದ್ದೇ ಅಪರೂಪ. ಕೋಶ ಓದುವುದು ಪರೀಕ್ಷೆಗಾಗಿ. ದೇಶ ಸುತ್ತುವುದು ಡಿಸೆಂಬರ್ ತಿಂಗಳ ಬಸ್ ಪ್ರವಾಸಕ್ಕಾಗಿ. ಬೇಲೂರಿನ ಶಿಲಾಬಾಲಿಕೆಯ ಮುಂದೆ ನಿಂತಾಗ ವಿದ್ಯಾರ್ಥಿಗೆ ಹೊಯ್ಸಳರ ಪಾಠ ನೆನಪಾಗುವುದಿಲ್ಲ; ಹೊಯ್ಸಳರ ಬಗ್ಗೆ ಉತ್ತರ ಬರೆಯುವಾಗ ಬೇಲೂರು ಕಣ್ಣ ಮುಂದೆ ಸುಳಿಯುವುದಿಲ್ಲ. ಓದಿದ್ದನ್ನು ನೋಡಲು ಹೋಗುವುದು, ನೋಡಿ ಬಂದದ್ದನ್ನು ಮತ್ತೆ ಓದಿನ ಒರೆಗಲ್ಲಿಗೆ ಹಚ್ಚುವುದು ಎಂಬ ಕ್ರಮ ನಮ್ಮ ಕಾಲೇಜುಗಳಿಗೆ ಇನ್ನೂ ಒಗ್ಗಿಲ್ಲ.

ಇವೆರಡನ್ನೂ ಒಂದೇ ಸೂರಿನಡಿ ತರುವ ಪ್ರಯೋಗವೊಂದು ಅಮೆರಿಕದಲ್ಲಿ ಸುಮಾರು ನೂರು ವರ್ಷಗಳ ಹಿಂದೆ ಆರಂಭವಾಯಿತು. ಆ ಸೂರು ಒಂದು ಹಡಗಿನದು. ಈಗ ‘ಸೆಮಿಸ್ಟರ್ ಅಟ್ ಸೀ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಈ ವ್ಯವಸ್ಥೆಯಲ್ಲಿ ಪದವಿ ವಿದ್ಯಾರ್ಥಿಗಳು ತಮ್ಮ ವ್ಯಾಸಂಗದ ಒಂದು ಸೆಮಿಸ್ಟರನ್ನು ಸಮುದ್ರದ ಮೇಲೆ ಕಳೆಯುತ್ತಾರೆ. ಯಾನದ ಅವಧಿ ನೂರು ದಿನಗಳ ಆಸುಪಾಸು. ನೋಡುವ ದೇಶಗಳು ಹತ್ತರ ಆಚೀಚೆ. ಹಡಗು ನಡುಗಡಲಿನಲ್ಲಿದ್ದಾಗ ತರಗತಿಗಳು ನಡೆಯುತ್ತವೆ. ಬಂದರು ಮುಟ್ಟಿದೊಡನೆ ನಿಲ್ಲುತ್ತವೆ. ಪ್ರಾಧ್ಯಾಪಕರು, ಕೆಲವೊಮ್ಮೆ ಅವರ ಮಡದಿ ಮಕ್ಕಳು, ವಿದ್ಯಾರ್ಥಿಗಳು ಎಲ್ಲರಿಗೂ ಅದೇ ಊಟದ ಮನೆ, ಅದೇ ಡೆಕ್ಕು, ಅದೇ ಅಲೆಯ ಹೊಯ್ದಾಟ.

ಇದನ್ನು ಶ್ರೀಮಂತರ ಮಕ್ಕಳ ವಿಹಾರವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಜಗತ್ತನ್ನೇ ಪಾಠಶಾಲೆ ಮಾಡಿಕೊಂಡ ಆದರ್ಶವೆಂದು ಹೊಗಳುವುದೂ ಅಷ್ಟೇ ಸುಲಭ. ಇವೆರಡರಲ್ಲಿ ಯಾವುದನ್ನು ಆಯ್ದುಕೊಂಡರೂ ಮುಖ್ಯವಾದ ಒಂದು ಪ್ರಶ್ನೆ ತಪ್ಪಿಹೋಗುತ್ತದೆ. ಹಡಗಿನಲ್ಲಿ ಯಾರು ಕುಳಿತಿದ್ದಾರೆ, ದಡದಲ್ಲಿ ಯಾರು ನಿಂತಿದ್ದಾರೆ ಎಂಬುದು ಆ ಪ್ರಶ್ನೆ. ಭಾರತದ ಮಟ್ಟಿಗೆ ಇದು ದೂರದ ಸಂಗತಿಯಲ್ಲ; ಏಕೆಂದರೆ ಈ ಹಡಗುಗಳು ಮೊದಲು ಚೆನ್ನೈಗೆ, ಆನಂತರದ ವರ್ಷಗಳಲ್ಲಿ ಕೊಚ್ಚಿಗೆ ಬಂದು ಲಂಗರು ಹಾಕಿವೆ. ಅವರ ಪಠ್ಯದಲ್ಲಿ ನಾವೂ ಒಂದು ಅಧ್ಯಾಯ.

ಮೊದಲು ಇತಿಹಾಸ. 1926ರ ಸೆಪ್ಟೆಂಬರ್‌ನಲ್ಲಿ ‘ರಿಂಡಮ್’ ಎಂಬ ಡಚ್ ಕಂಪನಿಯ ಹಡಗು ಸುಮಾರು ಐನೂರು ವಿದ್ಯಾರ್ಥಿಗಳನ್ನು ಹೊತ್ತು ನ್ಯೂಯಾರ್ಕ್ ಬಂದರಿನಿಂದ ಹೊರಟಿತು. ಇದರ ರೂವಾರಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಲಾಫ್. ಪುಸ್ತಕದಿಂದ ಕಲಿತದ್ದಕ್ಕಿಂತ ಸ್ವಂತ ಅನುಭವದಿಂದ ಕಲಿತದ್ದು ಗಟ್ಟಿ ಎಂಬುದು ಅವರ ನಂಬಿಕೆ. ಪ್ರಯಾಣವನ್ನೇ ವಿದ್ಯೆಯೆಂದು ಒಪ್ಪಿ ಅಂಕ ಕೊಡಬೇಕೆಂಬುದು ಅವರ ಬೇಡಿಕೆ. ಅವರ ಸ್ವಂತ ವಿಶ್ವವಿದ್ಯಾಲಯವೇ ಹಡಗು ಹೊರಡುವ ಮೊದಲು ಕೈಬಿಟ್ಟಿತು. ಆದರೂ ಹಡಗು ಏಷ್ಯಾ, ಯುರೋಪ್‌ಗಳ ಹತ್ತಾರು ಬಂದರುಗಳನ್ನು ಸುತ್ತಿ 1927ರ ಮೇ ತಿಂಗಳಲ್ಲಿ ಮರಳಿತು. ಇಟಲಿಯಲ್ಲಿ ಮುಸೊಲಿನಿಯನ್ನು ಕಂಡು ಬಂದರು. ಆದರೆ ಅಮೆರಿಕದ ಪತ್ರಿಕೆಗಳಿಗೆ ರುಚಿಸಿದ್ದು ಬೇರೆಯೇ. ಅಲ್ಲಿ ಪಾನನಿಷೇಧ ಜಾರಿಯಲ್ಲಿದ್ದ ಕಾಲವದು. ವಿದ್ಯಾರ್ಥಿಗಳು ಹೊರದೇಶದ ಬಂದರುಗಳಲ್ಲಿ ಕುಡಿದ ಸುದ್ದಿ, ಹಡಗಿನ ಪ್ರೇಮ ಪ್ರಕರಣಗಳ ಸುದ್ದಿ ಮುಖಪುಟ ಸೇರಿದವು. ಕಲಿತ ಪಾಠ ಹಿಂದೆ ಸರಿಯಿತು.

ಇತಿಹಾಸಕಾರ್ತಿ ಟ್ಯಾಮ್ಸನ್ ಪೀಚ್ ಅವರು ಈ ಯಾನದ ಬಗ್ಗೆ 2023ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ್ದಾರೆ. ಅವರು ಎತ್ತಿ ತೋರಿಸುವ ಅಂಶವೊಂದು ಇಲ್ಲಿ ಗಮನಾರ್ಹ. ಅಂದಿನ ಜಗಳ ಕೇವಲ ಶಿಸ್ತಿನದಾಗಿರಲಿಲ್ಲ. ಯಾವುದು ಜ್ಞಾನ, ಅದಕ್ಕೆ ಮುದ್ರೆ ಒತ್ತುವ ಅಧಿಕಾರ ಯಾರದು ಎಂಬುದೇ ಅದರ ತಿರುಳಾಗಿತ್ತು. ಕಣ್ಣಾರೆ ಕಂಡದ್ದು ಜ್ಞಾನವೇ, ಇಲ್ಲ ವಿಶ್ವವಿದ್ಯಾಲಯ ಪರೀಕ್ಷೆ ಮಾಡಿ ಒಪ್ಪಿದ್ದು ಮಾತ್ರ ಜ್ಞಾನವೇ? ಅಂದು ವಿಶ್ವವಿದ್ಯಾಲಯ ಗೆದ್ದಿತು, ಪ್ರಾಧ್ಯಾಪಕರು ಸೋತರು. ಆದರೆ ಆ ಐನೂರು ಮಂದಿ ನೋಡಿದ ಜಗತ್ತಿನ ಬಹುಪಾಲು ಯಾವುದಾದರೂ ಒಂದು ಸಾಮ್ರಾಜ್ಯದ ಅಡಿಯಲ್ಲಿತ್ತು ಎಂಬುದನ್ನು ಮರೆಯಬಾರದು. ಹಡಗು ನಿಂತ ಬಂದರುಗಳು, ಅವರನ್ನು ಕರೆದೊಯ್ದ ಹಾದಿಗಳು, ಭೇಟಿ ಮಾಡಿಸಿದ ಗಣ್ಯರು ಎಲ್ಲವೂ ಆಳುವವರ ಅನುಕೂಲಕ್ಕೆ ತಕ್ಕಂತೆ ಇದ್ದವು. ಕಣ್ಣಾರೆ ಕಂಡರೂ, ಯಾರ ಕಣ್ಣಿನಿಂದ ಕಂಡರು ಎಂಬ ಪ್ರಶ್ನೆ ಉಳಿಯುತ್ತದೆ.

1963ರಲ್ಲಿ ಈ ಕನಸಿಗೆ ಮರುಜೀವ ಬಂತು. ‘ಯೂನಿವರ್ಸಿಟಿ ಆಫ್ ದಿ ಸೆವೆನ್ ಸೀಸ್’ ಎಂಬ ಹೆಸರಿನಲ್ಲಿ ಕ್ಯಾಲಿಫೋರ್ನಿಯದ ಉತ್ಸಾಹಿಗಳು ಆರಂಭಿಸಿದ ಯಾನವನ್ನು ಮುಂದೆ ಚಾಪ್ಮನ್ ಕಾಲೇಜು ವಹಿಸಿಕೊಂಡಿತು. ಹಾಂಗ್‌ಕಾಂಗ್‌ನ ಹಡಗು ಉದ್ಯಮಿ ಸಿ.ವೈ. ತುಂಗ್ ಇದಕ್ಕೆ ಬೆಂಬಲವಾಗಿ ನಿಂತರು. ಬ್ರಿಟನ್ನಿನ ಹೆಸರಾಂತ ‘ಕ್ವೀನ್ ಎಲಿಜಬೆತ್’ ಹಡಗನ್ನು 1970ರಲ್ಲಿ ಕೊಂಡು ಅದನ್ನೇ ವಿಶ್ವವಿದ್ಯಾಲಯವಾಗಿಸಲು ಅವರು ಹೊರಟಿದ್ದರು. 1972ರ ಜನವರಿಯಲ್ಲಿ ಆ ಹಡಗು ಹಾಂಗ್‌ಕಾಂಗ್ ಬಂದರಿನಲ್ಲೇ ಬೆಂಕಿಗೆ ಆಹುತಿಯಾಯಿತು. ಆದರೂ ಬೇರೊಂದು ಹಡಗಿನಲ್ಲಿ ಕಾರ್ಯಕ್ರಮ ನಡೆಯಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಎರಡು ದಶಕಗಳಿಗೂ ಹೆಚ್ಚು ಕಾಲ, ವರ್ಜೀನಿಯ ವಿಶ್ವವಿದ್ಯಾಲಯ ಅದರ ನಂತರ ಒಂದು ದಶಕ ಇದರ ಶೈಕ್ಷಣಿಕ ಹೊಣೆ ಹೊತ್ತವು. 2016ರಲ್ಲಿ ಅದು ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಪಾಲಿಗೆ ಬಂತು. 1926ರಲ್ಲಿ ವಿಶ್ವವಿದ್ಯಾಲಯ ಒಲ್ಲೆನೆಂದ ಮುದ್ರೆ ಅರ್ಧ ಶತಮಾನದ ನಂತರ ಸುಲಭವಾಗಿ ದೊರೆಯಿತು.

ಈಗ ಒಬ್ಬ ವಿದ್ಯಾರ್ಥಿಯ ಅನುಭವಕ್ಕೆ ಬರೋಣ. 2005ರ ಜನವರಿಯಲ್ಲಿ ‘ಎಕ್ಸ್‌ಪ್ಲೋರರ್’ ಎಂಬ ಹಡಗು ಏಳುನೂರರಷ್ಟು ವಿದ್ಯಾರ್ಥಿಗಳೊಂದಿಗೆ ಉತ್ತರ ಪೆಸಿಫಿಕ್ ಸಾಗರವನ್ನು ದಾಟುತ್ತಿತ್ತು. ಬಿರುಗಾಳಿಯ ನಡುವೆ ಸುಮಾರು ಐವತ್ತು ಅಡಿ ಎತ್ತರದ ಅಲೆಯೊಂದು ಹಡಗಿನ ನಿಯಂತ್ರಣ ಕೊಠಡಿಗೆ ಅಪ್ಪಳಿಸಿತು. ಗಾಜು ಒಡೆದು, ನೀರು ನುಗ್ಗಿ, ವಿದ್ಯುತ್ ಉಪಕರಣಗಳು ಕೆಟ್ಟು, ಎಂಜಿನ್‌ಗಳು ಕೈಕೊಟ್ಟವು. ಕೊನೆಗೆ ಹಡಗು ಹಾದಿ ಬದಲಿಸಿ ಹವಾಯಿಯ ಹೊನಲುಲು ಸೇರಿತು. ವಿದ್ಯಾರ್ಥಿಗಳಲ್ಲಿ ಯಾರೂ ಪ್ರಾಣ ಕಳೆದುಕೊಳ್ಳಲಿಲ್ಲ. ಆ ಹಡಗಿನಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಆಡಮ್ ಬ್ರೌನ್ ಎಂಬ ಯುವಕನಿದ್ದ. ಸಾವಿನ ಬಾಯಿಂದ ಪಾರಾದ ಭಾವ ತನ್ನ ಬದುಕಿನ ಉದ್ದೇಶವನ್ನೇ ಕೇಳುವಂತೆ ಮಾಡಿತೆಂದು ಆತ ಮುಂದೆ ತನ್ನ ಪುಸ್ತಕದಲ್ಲಿ ಬರೆದ.

ಆ ಯಾನ ಭಾರತಕ್ಕೂ ಬಂತು. ತಾನು ಹೋದ ಪ್ರತಿ ದೇಶದಲ್ಲೂ ಒಂದು ಮಗುವನ್ನು, ‘ಜಗತ್ತಿನಲ್ಲಿ ನಿನಗೆ ಎಲ್ಲಕ್ಕಿಂತ ಹೆಚ್ಚಾಗಿ ಏನು ಬೇಕು’ ಎಂದು ಕೇಳುವುದನ್ನು ಆಡಮ್ ಬ್ರೌನ್ ಅಭ್ಯಾಸ ಮಾಡಿಕೊಂಡಿದ್ದ. ಇಲ್ಲಿ ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಹುಡುಗನೊಬ್ಬನನ್ನು ಹಾಗೆ ಕೇಳಿದಾಗ ಬಂದ ಉತ್ತರ: ಒಂದು ಪೆನ್ಸಿಲ್. ಆತ ತನ್ನ ಬಳಿಯಿದ್ದ ಪೆನ್ಸಿಲನ್ನು ಕೊಟ್ಟ. ಹುಡುಗನ ಮುಖ ಅರಳಿತು. 2008ರಲ್ಲಿ ಆತ ‘ಪೆನ್ಸಿಲ್ಸ್ ಆಫ್ ಪ್ರಾಮಿಸ್’ ಎಂಬ ಸಂಸ್ಥೆಯನ್ನು ಕಟ್ಟಿದ. ಮೊದಲ ಶಾಲೆ ಎದ್ದದ್ದು ಲಾವೋಸ್‌ನಲ್ಲಿ. ಆನಂತರ ಗ್ವಾಟೆಮಾಲ, ನಿಕರಾಗುವ, ಘಾನಾಗಳಲ್ಲಿ ನೂರಾರು ಶಾಲೆಗಳು ತಲೆ ಎತ್ತಿದವು. ಹಡಗಿನ ತರಗತಿಯ ಸಾರ್ಥಕತೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ ಎಂದು ಯಾರಾದರೂ ವಾದಿಸಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಇಪ್ಪತ್ತೊಂದರ ಹರೆಯದಲ್ಲಿ ಕೇಳಿದ ಒಂದು ಉತ್ತರವನ್ನು ಮರೆಯದೆ ಬದುಕಿನ ಕೆಲಸವಾಗಿಸಿಕೊಳ್ಳುವುದು ಸಣ್ಣ ಮಾತಲ್ಲ.

ಆದರೆ ಇದೇ ಕಥೆಯನ್ನು ದಡದಿಂದ ನೋಡಬೇಕು. ಇದರಲ್ಲಿ ಪೆನ್ಸಿಲ್ ಕೊಟ್ಟವನಿಗೆ ಹೆಸರಿದೆ, ಊರಿದೆ, ಮುಂದಿನ ಬದುಕಿದೆ. ಪೆನ್ಸಿಲ್ ಕೇಳಿದವನು ‘ಒಬ್ಬ ಹುಡುಗ’ ಅಷ್ಟೇ. ಆತ ಶಾಲೆಗೆ ಸೇರಿದನೇ, ಆ ಪೆನ್ಸಿಲಿನಿಂದ ಏನು ಬರೆದ, ಈಗ ಎಲ್ಲಿದ್ದಾನೆ ಎಂಬುದು ಕಥೆಗೆ ಬೇಕಾಗಲಿಲ್ಲ. ಇದು ಆ ವಿದ್ಯಾರ್ಥಿಯ ಮೇಲಿನ ಆರೋಪವಲ್ಲ. ನಾಲ್ಕೈದು ದಿನ ನಿಂತು ಮುಂದಿನ ದೇಶಕ್ಕೆ ಹೊರಡುವ ಹಡಗಿನಲ್ಲಿ ಬಂದವನಿಗೆ ಅದಕ್ಕಿಂತ ಹೆಚ್ಚು ತಿಳಿಯುವ ದಾರಿಯೇ ಇಲ್ಲ. ಒಂದು ಮುಖ ಕಾಣುತ್ತದೆ. ಆ ಮುಖದ ಹಿಂದಿನ ವ್ಯವಸ್ಥೆ ಕಾಣುವುದಿಲ್ಲ. 2002ರಲ್ಲೇ ಸಂವಿಧಾನದ 86ನೇ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಸಾರಿತ್ತು. ಅದನ್ನು ಜಾರಿಗೆ ತರುವ ಕಾಯ್ದೆ ಬಂದದ್ದು 2009ರಲ್ಲಿ, ಅದು ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. ಆ ಹುಡುಗ ಪೆನ್ಸಿಲ್ ಕೇಳಿದ್ದು ಈ ಎರಡರ ನಡುವಿನ ವರ್ಷಗಳಲ್ಲಿ. ಅವನಿಗೆ ಸಲ್ಲಬೇಕಾದದ್ದು ಹಕ್ಕು, ದೊರೆತದ್ದು ಉಡುಗೊರೆ. ಈ ವ್ಯತ್ಯಾಸವನ್ನು ಹಡಗಿನವರಿಗೆ ಯಾರಾದರೂ ಹೇಳಬೇಕಿದ್ದರೆ ಅದು ಇಲ್ಲಿನ ಇನ್ನೊಬ್ಬ ವಿದ್ಯಾರ್ಥಿಯೇ ಆಗಬೇಕಿತ್ತು. ಆ ಕಥೆಯಲ್ಲಿ ಅಂಥವರೊಬ್ಬರು ಕಾಣಿಸುವುದಿಲ್ಲ.

ಅವಸರದ ನೋಟಕ್ಕೆ ಇನ್ನೂ ಕಹಿಯಾದ ಮುಖವೊಂದಿದೆ. 1996ರ ಮಾರ್ಚ್‌ನಲ್ಲಿ ಇದೇ ಕಾರ್ಯಕ್ರಮದ ವಿದ್ಯಾರ್ಥಿಗಳು ತಾಜಮಹಲ್ ನೋಡಲು ಆಗ್ರಾದ ಕಡೆ ಹೊರಟಿದ್ದ ಬಸ್ಸು ರಾತ್ರಿ ಅಪಘಾತಕ್ಕೀಡಾಗಿ ನಾಲ್ವರು ವಿದ್ಯಾರ್ಥಿಗಳು ಸತ್ತರು. ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರು ವಿದೇಶ ವ್ಯಾಸಂಗದ ಸುರಕ್ಷತೆಗಾಗಿ ಅನೇಕ ವರ್ಷ ದನಿ ಎತ್ತಿದರು. ರಾತ್ರಿ ಹೆದ್ದಾರಿಯ ಅಪಾಯ ನಮಗೆ ಹೊಸದಲ್ಲ. ನಮ್ಮ ಶಾಲಾ ಪ್ರವಾಸದ ಬಸ್ಸುಗಳೂ ಹೀಗೆಯೇ ರಾತ್ರಿಯಿಡೀ ಓಡುತ್ತವೆ, ಹಗಲೆಲ್ಲ ‘ಸ್ಥಳ’ ತೋರಿಸುತ್ತವೆ. ಮೂರು ದಿನದಲ್ಲಿ ಹನ್ನೆರಡು ಸ್ಥಳ ಎಂಬ ಕರಪತ್ರಕ್ಕೂ ನೂರು ದಿನದಲ್ಲಿ ಹನ್ನೆರಡು ದೇಶ ಎಂಬ ಕರಪತ್ರಕ್ಕೂ ಒಂದೇ ವಂಶದ ಹೋಲಿಕೆ ಇದೆ. ಎಷ್ಟು ನೋಡಿದೆವು ಎಂಬ ಎಣಿಕೆ ಆರಂಭವಾದ ಕಡೆ ಏನು ನೋಡಿದೆವು ಎಂಬ ವಿಚಾರ ಹಿಂದೆ ಬೀಳುತ್ತದೆ.

ಹಾಗಾದರೆ ಈ ಪ್ರಯೋಗದಿಂದ ಕಲಿಯುವುದು ಏನೂ ಇಲ್ಲವೇ? ಇದೆ. ಅದು ಬಂದರುಗಳಲ್ಲಿಲ್ಲ, ಬಂದರುಗಳ ನಡುವಿನ ಕಡಲಿನಲ್ಲಿದೆ. ಒಂದು ದೇಶ ಬಿಟ್ಟು ಇನ್ನೊಂದು ಸೇರುವ ಮೊದಲು ಹಡಗಿನಲ್ಲಿ ಕೆಲವು ದಿನಗಳು ಸಿಗುತ್ತವೆ. ಮಹಾಸಾಗರ ದಾಟುವಾಗ ವಾರವೂ ಮೀರುತ್ತದೆ. ಆ ದಿನಗಳಲ್ಲಿ ಮುಂದಿನ ದೇಶದ ಚರಿತ್ರೆ, ಅರ್ಥವ್ಯವಸ್ಥೆ, ಮತಧರ್ಮಗಳ ಕುರಿತು ಪಾಠ ನಡೆಯುತ್ತದೆ. ಎಲ್ಲ ವಿದ್ಯಾರ್ಥಿಗಳೂ ಕೂಡಿ ಕುಳಿತು ಕೇಳುವ ಒಂದು ಸಾಮಾನ್ಯ ತರಗತಿ ಇರುತ್ತದೆ. ಪ್ರತಿ ವಿಷಯದ ಪಠ್ಯಕ್ರಮದಲ್ಲೂ ಯಾವುದಾದರೂ ಒಂದು ಬಂದರಿನಲ್ಲಿ ಇಡೀ ದಿನದ ಕ್ಷೇತ್ರ ಅಧ್ಯಯನ ಕಡ್ಡಾಯ. ಇಳಿಯುವ ಮುನ್ನ ಆ ನಾಡಿನ ರೀತಿನೀತಿಗಳ ತಿಳಿವಳಿಕೆ. ಮರಳಿ ಹತ್ತಿದ ಮೇಲೆ ಕಂಡದ್ದರ ಬಗ್ಗೆ ಚರ್ಚೆ, ಬರವಣಿಗೆ. ಘಾನಾದ ಗುಲಾಮರ ಕೋಟೆಯನ್ನು ಕಂಡು ಬಂದ ಹುಡುಗಿ ಅಂದು ರಾತ್ರಿ ಮನೆಗೆ ಹೋಗಿ ಮಲಗಿಬಿಡುವಂತಿಲ್ಲ. ಅದೇ ಕೋಟೆಯನ್ನು ನೋಡಿದ ಬೇರೆ ಬಣ್ಣದ ಸಹಪಾಠಿ ಊಟದ ಮೇಜಿನಲ್ಲಿ ಎದುರಿಗೇ ಕುಳಿತಿರುತ್ತಾಳೆ. ನೋಟಕ್ಕೂ ನೋಟಕ್ಕೂ ನಡುವಿನ ಈ ನಿಧಾನವೇ ಹಡಗು ಕೊಡುವ ನಿಜವಾದ ಶಿಕ್ಷಣ.

ಈ ನಿಧಾನ ಒಂದು ಕಾಲದಲ್ಲಿ ಭಾರತೀಯರಿಗೂ ಸಿಕ್ಕಿತ್ತು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ಕಟ್ಟಳೆಯನ್ನು ಮೀರಿ 1888ರಲ್ಲಿ ಮುಂಬೈ ಬಂದರಿನಿಂದ ಹೊರಟ ಹದಿನೆಂಟರ ಯುವಕ ಗಾಂಧಿಯನ್ನು ಅವರ ಜಾತಿಯವರು ಬಹಿಷ್ಕರಿಸಿದ್ದರು. 1893ರ ಮೇ 31ರಂದು ಅದೇ ಮುಂಬೈಯಿಂದ ಹೊರಟ ವಿವೇಕಾನಂದರು ನೇರವಾಗಿ ಅಮೆರಿಕಕ್ಕೆ ಹೋಗಲಿಲ್ಲ. ಕೊಲಂಬೊ, ಪಿನಾಂಗ್, ಸಿಂಗಪುರ, ಹಾಂಗ್‌ಕಾಂಗ್, ನಾಗಸಾಕಿ, ಕೋಬೆ ಎಂದು ಬಂದರಿನಿಂದ ಬಂದರಿಗೆ ಇಳಿಯುತ್ತ, ನೋಡುತ್ತ ಯೊಕೊಹಾಮ ತಲುಪಿದರು. ಅಲ್ಲಿಂದ ಮದ್ರಾಸಿನ ಶಿಷ್ಯರಿಗೆ ಬರೆದ ಪತ್ರದಲ್ಲಿ, ನಮ್ಮ ಯುವಕರು ಪ್ರತಿವರ್ಷ ಹೆಚ್ಚಿನ ಸಂಖ್ಯೆಯಲ್ಲಿ ಜಪಾನ್ ಮತ್ತು ಚೀನಾಗಳನ್ನು ನೋಡಿ ಬರಬೇಕೆಂಬ ಆಸೆ ವ್ಯಕ್ತಪಡಿಸಿದರು. ಶಿಕಾಗೊ ಭಾಷಣವನ್ನು ಬಾಯಿಪಾಠ ಮಾಡಿಸುವ ನಾವು ಈ ಪತ್ರವನ್ನು ಅಷ್ಟಾಗಿ ಓದಿಸುವುದಿಲ್ಲ.

ಆ ಯಾನದ ಮುಂದಿನ ಹಾದಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದರ ಫಲ ಬೆಂಗಳೂರಿನಲ್ಲಿದೆ. ಜಪಾನಿನಿಂದ ಹೊರಟಾಗ ವಿವೇಕಾನಂದರ ಸಹಪ್ರಯಾಣಿಕರಾಗಿದ್ದವರು ಜಮ್‌ಶೇಟ್‌ಜಿ ಟಾಟಾ. 1898ರ ನವೆಂಬರ್‌ನಲ್ಲಿ ಟಾಟಾ ಅವರು ವಿಜ್ಞಾನ ಸಂಶೋಧನಾ ಸಂಸ್ಥೆಯೊಂದರ ಯೋಜನೆಯ ಸಂಬಂಧ ವಿವೇಕಾನಂದರಿಗೆ ಬರೆದ ಪತ್ರದಲ್ಲಿ ಆ ಸಹಪ್ರಯಾಣವನ್ನೂ ಅಂದಿನ ಮಾತುಗಳನ್ನೂ ನೆನೆದರು. ಮೈಸೂರು ಸಂಸ್ಥಾನ ನೀಡಿದ ನೆಲದಲ್ಲಿ 1909ರಲ್ಲಿ ರೂಪ ತಳೆದ ಭಾರತೀಯ ವಿಜ್ಞಾನ ಸಂಸ್ಥೆಯ ಹಿಂದೆ ಹಲವರ ದುಡಿಮೆ, ಹಲವು ಕಾರಣಗಳಿವೆ. ಆದರೂ ಸಂನ್ಯಾಸಿಯೊಬ್ಬರು, ಉದ್ಯಮಿಯೊಬ್ಬರು ಬೇರೆಲ್ಲೂ ಹೋಗಲಾಗದೆ ಹಲವು ದಿನ ಒಂದೇ ಹಡಗಿನಲ್ಲಿ ಇರಬೇಕಾಗಿ ಬಂದದ್ದರ ಪಾಲೂ ಅದರಲ್ಲಿದೆ ಎನ್ನುವುದು ಅತಿಶಯೋಕ್ತಿಯಲ್ಲ.

1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ ಹಡಗು ಹತ್ತಿದ ಅಂಬೇಡ್ಕರ್ ಅವರ ಅನುಭವ ಇನ್ನೂ ಆಳವಾದದ್ದು. ಹೊರದೇಶಗಳಲ್ಲಿ ಕಳೆದ ವರ್ಷಗಳು ತಾನು ಅಸ್ಪೃಶ್ಯನೆಂಬ ಅರಿವನ್ನೇ ಮನಸ್ಸಿನಿಂದ ಅಳಿಸಿಹಾಕಿದ್ದವೆಂದೂ, ಹಿಂದಿರುಗಿ ಬರೋಡಕ್ಕೆ ಬಂದಾಗ ತಂಗಲು ಒಂದು ಜಾಗ ಸಿಗದೆ ಆ ಅರಿವು ಮತ್ತೆ ಎದುರಾಯಿತೆಂದೂ ಅವರು ತಮ್ಮ ಆತ್ಮಕಥನದ ಟಿಪ್ಪಣಿಗಳಲ್ಲಿ ದಾಖಲಿಸಿದ್ದಾರೆ. ಪ್ರಯಾಣ ಹೊಸ ಸ್ಥಳಗಳನ್ನು ತೋರಿಸುವುದಕ್ಕಿಂತ ಮುಖ್ಯವಾಗಿ, ತನ್ನ ಊರಿನ ಕಟ್ಟುಪಾಡು ಸೃಷ್ಟಿಯ ನಿಯಮವಲ್ಲ ಎಂಬುದನ್ನು ತೋರಿಸುತ್ತದೆ. ಈ ಪಾಠದ ಅಗತ್ಯ ಹೆಚ್ಚಾಗಿರುವುದು ಹಣವಿದ್ದವನಿಗಲ್ಲ. ಸಂಸ್ಥಾನದ ಬೊಕ್ಕಸ ಅಂದು ಖರ್ಚು ಮಾಡದಿದ್ದರೆ ಆ ಹಡಗಿನಲ್ಲಿ ಅಂಬೇಡ್ಕರ್ ಇರುತ್ತಿರಲಿಲ್ಲ.

ಇಂದಿನ ಸ್ಥಿತಿ ನೋಡಿ. ಸೆಮಿಸ್ಟರ್ ಅಟ್ ಸೀ ಯಾನಕ್ಕೆ ತಗಲುವ ವೆಚ್ಚ ಈಚಿನ ವರ್ಷಗಳಲ್ಲಿ ಮೂವತ್ತು ಸಾವಿರ ಡಾಲರ್‌ಗಳಿಗೂ ಮೇಲೆ. ಎಂದರೆ ಇಪ್ಪತ್ತೈದು ಲಕ್ಷ ರೂಪಾಯಿಗೂ ಹೆಚ್ಚು. ವಿದ್ಯಾರ್ಥಿವೇತನಗಳಿದ್ದರೂ ಅದರ ಬಾಗಿಲು ಎಲ್ಲರಿಗೂ ತೆರೆದಿಲ್ಲ. ಹಣದ ಮೇಲೆ ಪಾಸ್‌ಪೋರ್ಟಿನ ಪ್ರಶ್ನೆಯೂ ಇದೆ. ಅಮೆರಿಕದ ಪಾಸ್‌ಪೋರ್ಟ್ ಹಿಡಿದವನು ವೀಸಾದ ರಗಳೆಯಿಲ್ಲದೆ ಇಳಿಯುವ ಅನೇಕ ಬಂದರುಗಳಲ್ಲಿ ಭಾರತದ ಪಾಸ್‌ಪೋರ್ಟ್ ಹಿಡಿದವನು ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ ಕಾಯಬೇಕು. ನಮ್ಮಲ್ಲೂ ಈ ಶ್ರೇಣಿ ಇದೆ. ಬೆಂಗಳೂರಿನ ದುಬಾರಿ ಶಾಲೆಗಳ ಮಕ್ಕಳು ಅಮೆರಿಕದ ನಾಸಾ ಕೇಂದ್ರಕ್ಕೆ ಪ್ರವಾಸ ಹೋಗುತ್ತಾರೆ. ಸರ್ಕಾರಿ ಪ್ರೌಢಶಾಲೆಯ ಕೆಲವು ಮಕ್ಕಳಿಗೆ ‘ಕರ್ನಾಟಕ ದರ್ಶನ’ದ ಬಸ್ಸು ಸಿಗುತ್ತದೆ. ಅದೂ ಸಿಗದವರು ಪದವಿ ಮುಗಿಯುವವರೆಗೂ ಪಕ್ಕದ ಜಿಲ್ಲೆಯನ್ನು ಕಾಣುವುದಿಲ್ಲ. ಮುನ್ನೂರು ಕಿಲೋಮೀಟರಿಗೂ ಉದ್ದದ ಕಡಲತೀರವಿರುವ ರಾಜ್ಯದಲ್ಲಿ ಸಮುದ್ರವನ್ನೇ ನೋಡದೆ ಪದವೀಧರರಾಗುವ ಬೀದರ್, ರಾಯಚೂರಿನ ಮಕ್ಕಳಿದ್ದಾರೆ. ಬಯಲುಸೀಮೆಯ ಬರವನ್ನು ಪತ್ರಿಕೆಯಲ್ಲಿ ಮಾತ್ರ ಓದಿದ ಕರಾವಳಿಯ ಮಕ್ಕಳೂ ಇದ್ದಾರೆ.

ಇನ್ನು ವಿಮಾನ ಹತ್ತಿ ವಿದೇಶಕ್ಕೆ ಹೋಗಿ ಓದುವ ನಮ್ಮ ಸಾವಿರಾರು ವಿದ್ಯಾರ್ಥಿಗಳ ಮಾತು. ಅವರದು ಸಾಲ ಮಾಡಿ ಕೈಗೊಂಡ, ಉದ್ಯೋಗವನ್ನೇ ಗುರಿಯಾಗಿಸಿಕೊಂಡ ಪಯಣ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಹಗಲು ಒಂದು ರಾತ್ರಿಯಲ್ಲಿ ಬೆಂಗಳೂರಿನಿಂದ ಟೆಕ್ಸಾಸ್ ತಲುಪಿ, ನಮ್ಮವರೇ ನಾಲ್ವರೊಂದಿಗೆ ಮನೆ ಹಂಚಿಕೊಂಡು, ಎರಡು ವರ್ಷ ಒಂದೇ ಆವರಣದಲ್ಲಿ ಓದಿ ಬರುವವನಿಗೆ ‘ವಿದೇಶ’ ಎಂದರೆ ಒಂದು ದೇಶ ಮಾತ್ರ. ನಡುವಿನ ಲೋಕವೆಲ್ಲ ವಿಮಾನದ ಕಿಟಕಿಯ ಕೆಳಗೆ ಕತ್ತಲಲ್ಲಿ ಸರಿದುಹೋಗಿರುತ್ತದೆ.

ನೋಡುವವರು ಮತ್ತು ನೋಡಿಸಿಕೊಳ್ಳುವವರು ಎಂಬ ಈ ಅಂತರವನ್ನು ಕಳೆಯುವ ಮಾದರಿಯೂ ಇಲ್ಲದಿಲ್ಲ. ಜಪಾನ್ ಸರ್ಕಾರ 1974ರಲ್ಲಿ ಆಗ್ನೇಯ ಏಷ್ಯಾದ ಯುವಕರಿಗಾಗಿ ಒಂದು ಹಡಗು ಯಾನವನ್ನು ಆರಂಭಿಸಿತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೇನೆ ತುಳಿದ ನಾಡುಗಳೇ ಇವುಗಳಲ್ಲಿ ಹೆಚ್ಚಿನವು ಎಂಬುದು ಗಮನಾರ್ಹ. ಹಡಗು ಯಾವ ದೇಶಗಳಿಗೆ ಹೋಗುತ್ತದೆಯೋ ಆ ದೇಶಗಳ ಯುವಕ ಯುವತಿಯರೇ ಹಡಗಿನಲ್ಲಿರುತ್ತಾರೆ. ಮನಿಲಾದಲ್ಲಿ ಹಡಗು ನಿಂತಾಗ ಫಿಲಿಪ್ಪೀನ್ಸಿನವರು ಆತಿಥೇಯರು, ಜಕಾರ್ತದಲ್ಲಿ ಇಂಡೊನೇಷ್ಯದವರು. ವಸತಿ ಹೋಟೆಲಿನಲ್ಲಲ್ಲ, ಊರಿನ ಕುಟುಂಬಗಳ ಮನೆಗಳಲ್ಲಿ. 1988ರಲ್ಲಿ ಇದರ ವ್ಯಾಪ್ತಿ ಹಿಗ್ಗಿ ಜಗತ್ತಿನ ಬೇರೆ ಬೇರೆ ಭಾಗಗಳ ಯುವಜನರ ಇನ್ನೊಂದು ಯಾನವೂ ಶುರುವಾಯಿತು. ಅದರಲ್ಲಿ ಭಾರತದವರೂ ಪಾಲ್ಗೊಂಡಿದ್ದಾರೆ. ಇಲ್ಲಿ ಪ್ರತಿಯೊಬ್ಬರೂ ಸರದಿಯಂತೆ ನೋಡುವವರು, ಸರದಿಯಂತೆ ನೋಡಿಸಿಕೊಳ್ಳುವವರು. ತನ್ನ ಊರನ್ನು ಪರರಿಗೆ ತೋರಿಸಬೇಕಾದಾಗಲೇ ಅದರ ಕೊಳಕೂ ಚೆಲುವೂ ತನಗೆ ಮೊದಲ ಬಾರಿ ಕಾಣುತ್ತದೆ. ಹಡಗು ಅದೇ, ಕಡಲು ಅದೇ. ಕುಳಿತವರು ಬದಲಾದೊಡನೆ ಪಾಠವೂ ಬದಲಾಯಿತು.

ನಮಗೆ ಹಡಗು ಕೊಳ್ಳುವ ಅಗತ್ಯವಿಲ್ಲ. ಅದರ ಕ್ರಮವನ್ನು ಬಸ್ಸಿಗೆ, ರೈಲಿಗೆ ಇಳಿಸಿಕೊಂಡರೆ ಸಾಕು. ಮೊದಲನೆಯದಾಗಿ, ಪ್ರವಾಸವನ್ನು ಪಠ್ಯದ ಭಾಗವಾಗಿಸಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ದೇಶದ ನೂರು ಪ್ರವಾಸಿ ತಾಣಗಳಿಗೆ ವಿದ್ಯಾರ್ಥಿಗಳನ್ನು ಕಳುಹಿಸಿ ಅಲ್ಲಿನ ಚರಿತ್ರೆ, ಸಾಹಿತ್ಯ, ವಿಜ್ಞಾನ ಪರಂಪರೆಗಳನ್ನು ಅಭ್ಯಸಿಸುವ ಮಾತಾಡಿದೆ. ಆ ನೀತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ಇರುವ ರಾಜಕೀಯ ಭಿನ್ನಮತ ಏನೇ ಇರಲಿ, ಈ ಒಂದು ಅಂಶಕ್ಕೆ ಯಾರ ವಿರೋಧವೂ ಇರಬೇಕಿಲ್ಲ. ಆದರೆ ತಾಣಗಳ ಪಟ್ಟಿಯಿಂದ ಶಿಕ್ಷಣ ಆಗುವುದಿಲ್ಲ. ಹೋಗುವ ಮೊದಲು ಎರಡು ವಾರ ಓದು, ಹೋದ ಕಡೆ ಕನಿಷ್ಠ ಒಂದು ವಾರ ಒಂದೇ ಊರಿನಲ್ಲಿ ವಾಸ, ಬಂದ ಮೇಲೆ ಬರವಣಿಗೆ, ಅದಕ್ಕೆ ಅಂಕ. ಇಷ್ಟಿಲ್ಲದಿದ್ದರೆ ಅದು ರಜೆಯ ಮೋಜು.

ಎರಡನೆಯದಾಗಿ, ಹೋಗುವುದರಷ್ಟೇ ಬರಮಾಡಿಕೊಳ್ಳುವುದನ್ನೂ ಕಲಿಸಬೇಕು. ಬೀದರಿನ ಕಾಲೇಜಿನ ಮಕ್ಕಳು ಒಂದು ವಾರ ಕುಂದಾಪುರದ ಮನೆಗಳಲ್ಲಿದ್ದು ಮೀನುಗಾರರ ಬದುಕನ್ನು ಅಭ್ಯಸಿಸಲಿ. ಮುಂದಿನ ತಿಂಗಳು ಕುಂದಾಪುರದ ಮಕ್ಕಳು ಬೀದರಿನ ಮನೆಗಳಲ್ಲಿದ್ದು ಕೋಟೆಯನ್ನೂ ಬಿದರಿ ಕುಶಲಕರ್ಮಿಗಳ ಕಷ್ಟವನ್ನೂ ಅರಿಯಲಿ. ಯಾರ ಮನೆಯಲ್ಲಿ ಯಾರು ಉಣ್ಣುತ್ತಾರೆ ಎಂಬ ಪ್ರಶ್ನೆ ಇಂದಿಗೂ ಸರಳವಲ್ಲದ ಸಮಾಜದಲ್ಲಿ ಈ ವಿನಿಮಯವೇ ಒಂದು ದೊಡ್ಡ ಪಠ್ಯ. ಹಾಗೆಯೇ ಕೊಚ್ಚಿಗೆ ವಿದ್ಯಾರ್ಥಿಗಳ ಹಡಗು ಬಂದಾಗ, ನವಮಂಗಳೂರು ಬಂದರಿಗೆ ಪ್ರವಾಸಿ ಹಡಗುಗಳು ಬಂದಾಗ, ಅವರನ್ನು ಎದುರುಗೊಳ್ಳುವವರು ಟ್ಯಾಕ್ಸಿಯವರು, ಮಾರಾಟಗಾರರು ಮಾತ್ರ ಏಕಾಗಬೇಕು? ಸಮೀಪದ ಕಾಲೇಜುಗಳ ಇತಿಹಾಸ, ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಸರಿಸಮರಾಗಿ ಕುಳಿತು ಮಾತಾಡುವ ಏರ್ಪಾಡು ಕಷ್ಟದ್ದಲ್ಲ.

ಮೂರನೆಯದು ಹಣ. ಬಡ ಮಕ್ಕಳ ಪಾಲಿನ ಪ್ರಯಾಣವನ್ನು ಸಾರ್ವಜನಿಕ ಬೊಕ್ಕಸವೇ ಹೊರಬೇಕು. ವಿದ್ಯಾರ್ಥಿನಿಲಯದ ಊಟಕ್ಕೇ ಅನುದಾನ ಸಾಲದಿರುವಾಗ ಪ್ರವಾಸ ದುಂದುವೆಚ್ಚ ಎಂಬ ಆಕ್ಷೇಪ ಬರುತ್ತದೆ. ಹೆಣ್ಣುಮಕ್ಕಳ ಸುರಕ್ಷತೆ, ಅಧ್ಯಾಪಕರ ಹೊಣೆ, ಪೋಷಕರ ಆತಂಕ ಇವೂ ಹುಸಿ ಆಕ್ಷೇಪಗಳಲ್ಲ. 1996ರ ದುರಂತ ಇವುಗಳ ತೂಕವನ್ನು ನೆನಪಿಸುತ್ತದೆ. ಅದಕ್ಕೆ ಉತ್ತರ ಪ್ರಯಾಣ ನಿಲ್ಲಿಸುವುದಲ್ಲ. ರಾತ್ರಿ ಪಯಣ ಕೈಬಿಟ್ಟು, ಸ್ಥಳಗಳ ಸಂಖ್ಯೆ ಇಳಿಸಿ, ದಿನಗಳ ಸಂಖ್ಯೆ ಏರಿಸುವುದು. ಖರ್ಚಿನ ವಿಷಯದಲ್ಲಿ, ಹಣವಿದ್ದವರು ಮಕ್ಕಳಿಗೆ ಲೋಕ ತೋರಿಸಲು ಲಕ್ಷಗಟ್ಟಲೆ ಸುರಿಯುವುದನ್ನು ಹೂಡಿಕೆ ಎನ್ನುವ ಸಮಾಜ, ಅದನ್ನೇ ಬಡವರ ಮಕ್ಕಳಿಗಾಗಿ ಸರ್ಕಾರ ಮಾಡಿದಾಗ ದುಂದು ಎನ್ನುವುದು ನ್ಯಾಯವಲ್ಲ.

ತೇಲುವ ವಿಶ್ವವಿದ್ಯಾಲಯದ ಒಂದು ಶತಮಾನದ ಅನುಭವ ಹೇಳುವುದಿಷ್ಟು: ಲೋಕವನ್ನು ನೋಡಿದವರೆಲ್ಲ ಲೋಕಜ್ಞರಾಗುವುದಿಲ್ಲ, ಯಾರ ಜೊತೆ ಕುಳಿತು ನೋಡಿದರು ಎಂಬುದರ ಮೇಲೆ ಅದು ನಿಂತಿದೆ. ದಡದ ಹುಡುಗನಿಗೆ ಹಡಗಿನವರು ಪೆನ್ಸಿಲ್ ಕೊಟ್ಟದ್ದು ಒಳ್ಳೆಯದೇ. ಆದರೆ ಅವನು ಅದೇ ತರಗತಿಯಲ್ಲಿ ಕುಳಿತು, ‘ನಿಮಗೆ ಎಲ್ಲಕ್ಕಿಂತ ಹೆಚ್ಚಾಗಿ ಏನು ಬೇಕು’ ಎಂದು ತಾನೂ ಕೇಳುವಂತಾಗಬೇಕು. ಆ ಹುಡುಗನನ್ನು ಅಲ್ಲಿಗೆ ತಲುಪಿಸುವ ಹೊಣೆ ಹೊರಗಿನಿಂದ ಬಂದು ಹೋಗುವ ಹಡಗಿನದಲ್ಲ, ನಮ್ಮದು.